ಹೆಸರಿಲ್ಲದ ಪಿನ್ನುಗಳ ಪರ ಮತ್ತು ವಿರೋಧ

ಮೆಷಿನ್ ನಡೆದರೆ ಅವಳು ಹೋಗುತ್ತಾಳೆ ಎಂಬುದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಮಲ್ಟಿಮೀಟರನ್ನು ಬ್ಯಾಗಿಗೆ ಹಾಕಿಕೊಂಡು ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದೆ. ಯಾಕೆ ಹತ್ತಿದೆ ಎಂದು ಕೇಳಿದರೆ ನನ್ನ ಹತ್ತಿರ ಬೇಕಾದಷ್ಟು ಉತ್ತರಗಳಿವೆ. ಚರ್ಚಾಸ್ಪರ್ಧೆಯಲ್ಲಿ ಪಳಗಿದವನಿಗೆ ಉತ್ತರಗಳ ಕೊರತೆ ಎಲ್ಲಿಯದು? ಆದರೆ ಅವುಗಳಲ್ಲಿ ಒಂದನ್ನೂ ಸಾಬೀತು ಮಾಡಲಾರೆ. ಅವಳು ಫೋನ್ ಮಾಡಿದಳು, ನಾನು ಹೋದೆ. ಸದ್ಯಕ್ಕೆ ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡ. ನಮ್ಮ ಕಡೆಯ ಚರ್ಚಾಸ್ಪರ್ಧೆಗಳಲ್ಲಿ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು; ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದುಹಾಕಬೇಕು, ಆಮೇಲೆ ಇಬ್ಬರ ಅಂಕ ಕೂಡಿಸಿ ಕೊಡುವ ಪರ್ಯಾಯ ಪಾರಿತೋಷಕವನ್ನು ಇಬ್ಬರೂ ಸೇರಿ ಹೊತ್ತು ತರಬೇಕು. ಅವಳು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ಹೋಗುವಾಗಿನ ಬಸ್ಸಿನಲ್ಲಿ ಶುರುವಾದ ವಾದ ಬರುವಾಗಿನ ಬಸ್ಸಿನಲ್ಲೂ ನಡೆಯುತ್ತಿತ್ತು. ಗೆದ್ದು ತಂದ ಫಲಕ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡಡ್ಡ. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಅವಳ ಮುಂದೆ ಮಂಡಿಸಲಿಲ್ಲ. ಮಂಡಿಸದೇ ಇರುವ ವಿಷಯಕ್ಕೆ ಪರ ಮಾತಾಡು ಎಂದು ಯಾರನ್ನೂ ಕೇಳುವಂತಿಲ್ಲ.

ಕಾಲೇಜು ಮುಗಿದ ಮೇಲೆ ನಾನು ಶಿಕಾರಿಪುರದಲ್ಲಿ ಕಂಪ್ಯೂಟರು, ಪ್ರಿಂಟರು ರಿಪೇರಿಗೆ ಕೂತೆ. ಅವಳು ಸೊರಬದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಹಾಕಿದಳು. ಕುಬಟೂರು, ಆನವಟ್ಟಿ ಕಡೆಯಿಂದೆಲ್ಲ ಮದುವೆ ರವಿಕೆಗಳು ಬರುತ್ತಿದ್ದವು. ಇಬ್ಬರು ಹೆಂಗಸರು ಅವಳ ಜೊತೆ ಕೆಲಸ ಕಲಿತು ಅಲ್ಲೇ ನಿಂತಿದ್ದರು. ಹಾಗಿರುವಾಗ ಚಂದ್ರಗುತ್ತಿಗೆ ಮದುವೆಯಾಗಿ ಹೋಗಿದ್ದ ಅವಳ ಅಕ್ಕ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಉಳಿಯಿತು. ತಿಥಿ ಮುಗಿಯುವ ಹೊತ್ತಿಗೆ ಎರಡೂ ಮನೆಯ ಹಿರಿಯರು ಮಾತಾಡಿಕೊಂಡಿದ್ದರು: ಭಾವನನ್ನು ಇವಳು ಮದುವೆಯಾಗುವುದು. ಅವಳು ಅಳಲಿಲ್ಲ, ಬೇಡ ಅನ್ನಲೂ ಇಲ್ಲ. ಒಂದೇ ಷರತ್ತು ಹಾಕಿದಳು: "ಆ ಇಬ್ಬರ ಕೈಗೆ ನಡೆಯೋ ಮೆಷಿನ್ ಕೊಟ್ಟು ಬರ್ತೀನಿ. ಕೆಟ್ಟ ಮೆಷಿನ್ ಕೊಟ್ಟು ಬರೋದಿಲ್ಲ."

ಮೆಷಿನ್ ಆಗಲೇ ಕೆಟ್ಟು ಕೂತಿತ್ತು. ದೂರದ ಊರಿನಿಂದ ಬಂದ ಮೆಕ್ಯಾನಿಕ್ ಕಂಟ್ರೋಲ್ ಬಾಕ್ಸು ಬಿಚ್ಚಿ, ಒಳಗಿದ್ದ ಮದರ್‌ಬೋರ್ಡಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದು ಫೋಟೋ ಕೂಡ ತೆಗೆಯದೆ ಬೋರ್ಡನ್ನು ಒಯ್ದಿದ್ದ. ರಿಪೇರಿಯಾದ ಬೋರ್ಡು ಪಾರ್ಸೆಲ್ಲಿನಲ್ಲಿ ವಾಪಸು ಬಂತು, ಅವನು ಬರಲಿಲ್ಲ. ಫೋನು ಎತ್ತುವುದನ್ನೂ ಬಿಟ್ಟ. ಈಗ ಒಂದು ಕಡೆ ಹಸಿರು ಬೋರ್ಡಿನ ತುಂಬ ಬಿಳಿಯ ಸಣ್ಣ ಸಣ್ಣ ಗೂಡುಗಳು. ಕೆಲವಕ್ಕೆ ಎರಡು ಪಿನ್ನು, ಕೆಲವಕ್ಕೆ ಮೂರು, ನಾಲ್ಕು. ಒಂದರ ಪಕ್ಕದಲ್ಲೂ ಇದು ಯಾತಕ್ಕೆಂದು ಬರೆದಿಲ್ಲ. ಇನ್ನೊಂದು ಕಡೆ ಮೋಟಾರಿನಿಂದ, ಫ್ಯಾನಿನಿಂದ, ಗುಂಡಿಗಳಿಂದ, ಸೆನ್ಸರುಗಳಿಂದ ಬಂದು ಜೋತಾಡುವ ಪ್ಲಗ್ಗುಗಳು. ಕಂಪನಿಯ ಪುಸ್ತಕದಲ್ಲಿ ಸೂಜಿಗೆ ದಾರ ಪೋಣಿಸುವುದು ಹೇಗೆಂದು ಚಿತ್ರ ಸಮೇತ ಇತ್ತು. ಬೋರ್ಡಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಒಂದು ತಪ್ಪಾಗಿ ಚುಚ್ಚಿದ್ರೂ ಬೋರ್ಡ್ ಸುಡ್ತದೆ. ಇನ್ನೊಂದು ಸಿಗೂದಿಲ್ಲ. ಅದಕ್ಕೇ ನಿನ್ನ ಕರೆದಿದ್ದು," ಅಂದಳು.

"ಊರಲ್ಲಿ ಬೇರೆ ರಿಪೇರಿಯವರು ಇರಲಿಲ್ಲೇನು?"

"ಇದ್ದಾರೆ ಮಾರಾಯ. ಆದರೆ ಅವರೆಲ್ಲ ನಾನು ಹೇಳಿದ್ದಕ್ಕೆ ಹೂಂ ಅಂತಾರೆ. ನನಗೆ ಊಹೂಂ ಅನ್ನೋನು ಬೇಕಿತ್ತು."

ನಿಯಮ ಅವಳದೇ. ಪ್ರತಿ ಗೂಡಿಗೂ ಅವಳು ಪರ, ನಾನು ವಿರೋಧ. ಇದು ಇಂಥದ್ದು ಎಂದು ಅವಳು ಸಾಧಿಸಬೇಕು, ನಾನು ಒಡೆಯಬೇಕು. ಎದುರು ಪಕ್ಷ ಬಾಯಿ ಮುಚ್ಚಿದ ಮೇಲೆ ಮಾತ್ರ ಪ್ಲಗ್ಗು ಒಳಗೆ. ಆಮೇಲೆ ಅವಳು ಬಿಳಿ ಟೇಪು ಹರಿದು ಹೆಸರು ಬರೆದು ಅಂಟಿಸುತ್ತಾಳೆ.

ಮೊದಲು ಕರೆಂಟು ತೆಗೆದು, ಮೀಟರಿನ ಒಂದು ಕಡ್ಡಿಯನ್ನು ಪೆಟ್ಟಿಗೆಯ ಲೋಹಕ್ಕೂ ಇನ್ನೊಂದನ್ನು ಒಂದೊಂದೇ ಪಿನ್ನಿಗೂ ತಾಗಿಸುತ್ತ ಹೋದೆವು. ಎಲ್ಲಿ ಬೀಪ್ ಎಂದು ಕೂಗಿತೋ ಅದು ನೆಲದ ಪಿನ್ನು, ಅಂದರೆ ಗ್ರೌಂಡ್. ಅದು ಖಚಿತವಾದ ಮೇಲೆ ಕರೆಂಟು ಕೊಟ್ಟು, ಉಳಿದ ಪಿನ್ನುಗಳಲ್ಲಿ ಎಷ್ಟೆಷ್ಟು ವೋಲ್ಟ್ ಇದೆ ಎಂದು ಅಳೆದೆವು.

"ಇದು ಫ್ಯಾನು. ಎರಡೇ ಪಿನ್ನು, ಹನ್ನೆರಡು ವೋಲ್ಟು. ಫ್ಯಾನಿನ ವೈರು ಎಟಕೋದೂ ಇಲ್ಲಿಗೇ."

"ಎಟಕೋದು ಸಾಕ್ಷಿ ಅಲ್ಲ. ನಿನ್ನ ಕೈ ನನ್ನ ತಲೆಗೆ ಎಟಕತೈತಿ. ಹಂಗಂತ ಹೊಡೀಬೇಕು ಅಂತೇನಿಲ್ಲಲ್ಲ."

ಹೊಡೆದಳು. "ಈಗ ಸಾಕ್ಷಿ ಸಿಕ್ತಾ?"

ಗುಂಡಿಯ ಗೂಡು ಸಿಕ್ಕಿದಾಗ ಅವಳಿಗೆ ಭಾರಿ ಖುಷಿ. ಅದರ ಒಂದು ಪಿನ್ನು ನೆಲ, ಇನ್ನೊಂದು ಐದು ವೋಲ್ಟ್ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತದೆ. ಯಾರಾದರೂ ಗುಂಡಿ ಒತ್ತಿದರೆ ಎರಡೂ ಸೇರಿ ಐದು ಸೊನ್ನೆಯಾಗುತ್ತದೆ. "ಪಾಪ, ಒತ್ತಲಿ ಅಂತ ಕಾಯ್ತಾ ನಿಂತಿದೆ ನೋಡು," ಅಂದಳು. ಪಿನ್ನಿಗೆ ಎಂಥ ಪಾಪ ಎಂದು ನಾನು ಶುರುಮಾಡಿದೆ. ಭಾವನೆಯನ್ನು ಸಾಕ್ಷಿಯಾಗಿ ತರಬಾರದೆಂದು ಉದ್ದಕ್ಕೆ ಕೊರೆದೆ. ಅವಳು ಕೇಳುತ್ತಲೇ ಟೇಪು ಹರಿದಳು.

ನನಗೆ ಬಿಡುವಾದ ದಿನಗಳಲ್ಲೆಲ್ಲ ಹೋದೆ. ಒಂದೊಂದು ಟೇಪು ಅಂಟಿದಾಗಲೂ ಗೆದ್ದ ಹುಮ್ಮಸ್ಸು ಬರುತ್ತಿತ್ತು, ಬಂದ ಮರುಕ್ಷಣ ಇನ್ನೆಷ್ಟು ಗೂಡು ಉಳಿದಿವೆ ಎಂದು ಎಣಿಸುತ್ತಿದ್ದೆ. ಅವಳ ಅಮ್ಮ ಚಹಾ ತಂದಿಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದರು.

"ಮುಗೀತೇನಪ್ಪಾ?"

"ಇನ್ನೂ ಇದೆ ಅಮ್ಮಾ."

"ಅಲ್ಲಿ ಕೂಸು ಬಾಟ್ಲಿ ಹಾಲು ಕುಡಿಯೂದಿಲ್ಲಂತೆ. ನೀವಿಬ್ರೂ ಇಲ್ಲಿ ವೈರು ಹಿಡ್ಕೊಂಡು ಜಗಳ ಆಡ್ತಾ ಕೂತಿದ್ದೀರಿ." ಸಿಟ್ಟಿನಿಂದ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಒಡೆಯುತ್ತಿತ್ತು. "ಇದ್ದಿದ್ರೆ ಅವಳೇ ನೋಡ್ಕೋತಿದ್ಲು," ಎನ್ನುತ್ತ ಒಳಗೆ ಹೋಗುತ್ತಿದ್ದರು. ಮಗಳನ್ನು ಕಳೆದುಕೊಂಡವರ ಎದುರು ಎಂಥ ವಿರೋಧವನ್ನು ಮಂಡಿಸುವುದು?

ಆದರೂ ಒಂದು ಸಲ ಮಂಡಿಸಿದೆ, ಅಮ್ಮನಿಗಲ್ಲ, ಅವಳಿಗೆ.

"ಚಂದ್ರಗುತ್ತಿ ಏನು ಪರದೇಶ ಅಲ್ಲ. ದಿನಾ ಬಸ್ಸೈತಿ. ಬೆಳಿಗ್ಗೆ ಬಂದು ಸಂಜೆ ಹೋಗಬೋದು. ಮೆಷಿನ್ ಯಾಕೆ ಬಿಡಬೇಕು?"

"ಹಾಲು ಕುಡಿಯೋ ಕೂಸಿಗೆ ಬಸ್ ಪಾಸ್ ಕೊಡ್ತಾರಾ?"

"ಕೂಸನ್ನ ಇಲ್ಲಿಗೇ ತಂದು ಸಾಕು. ಸಾಕೋಕೆ ಚಿಕ್ಕಮ್ಮ ಸಾಕು, ಭಾವನ ಹೆಂಡತಿ ಯಾಕಾಗಬೇಕು?"

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಅಕ್ಕನ ದೊಡ್ಡ ಮಗೂಗೆ ಮಾತು ಬರ್ತದೆ. ಮೊನ್ನೆ ಹೋದಾಗ ಕೇಳ್ತು, ನೀನೂ ಹೊರಡ್ತೀಯಾ ಅಂತ. ಆ ಮಕ್ಕಳಿಗೆ ಅಪ್ಪನೂ ಬೇಕು, ನಾನೂ ಬೇಕು, ಒಂದೇ ಮನೇಲಿ ಬೇಕು. ಇದನ್ನ ಒಡಿ ನೋಡಾಣ."

ಒಡೆಯಬಹುದಿತ್ತು. ನಿನ್ನ ಬದುಕು ನಿನ್ನದು ಎನ್ನಬಹುದಿತ್ತು. ಕೂಸಿನ ಹಸಿವನ್ನು ಮುಂದಿಟ್ಟು ಹೆಣ್ಣನ್ನು ಒಪ್ಪಿಸುವುದು ಎಷ್ಟು ಹಳೆಯ ಆಟ ಎಂದು ಚಪ್ಪಾಳೆ ಬೀಳುವ ಹಾಗೆ ಹೇಳಬಹುದಿತ್ತು. ಈಗಲೂ ಹೇಳಬಲ್ಲೆ, ಅದು ಸುಳ್ಳೂ ಅಲ್ಲ. ಆದರೆ ಆ ಮಾತಿನ ಹಿಂದೆ ನಿಂತಿದ್ದವನು ನಾನು. ನನ್ನ ಲಾಭವಿರುವ ಕಡೆ ನನ್ನ ತರ್ಕವನ್ನು ನಾನೇ ನಂಬಲಾರೆ. ಮೀಟರಿನ ಕಡ್ಡಿ ಎತ್ತಿಕೊಂಡೆ.

ಕೊನೆಗೆ ಎರಡು ಗೂಡು, ಎರಡು ಪ್ಲಗ್ಗು ಉಳಿದವು. ಯಾವ ಪ್ಲಗ್ಗು ಯಾವ ಗೂಡಿಗಾದರೂ ಕೂರುತ್ತದೆ. ಒಂದು ಪ್ಲಗ್ಗು ದಾರ ಕಡಿದರೆ ಮೆಷಿನ್ನಿಗೆ ತಿಳಿಸುವ ಸೆನ್ಸರಿನದು, ಇನ್ನೊಂದು ಸೂಜಿ ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವುದರದು. ಒಂದು ಗೂಡಿನಲ್ಲಿ ಐದು ವೋಲ್ಟ್, ಇನ್ನೊಂದರಲ್ಲಿ ಹನ್ನೆರಡು. ಅದಲುಬದಲಾದರೆ ಐದರ ಸೆನ್ಸರು ಸತ್ತಂತೆ. ಅವಳು ದಾರದ ಸೆನ್ಸರನ್ನು ಬಿಚ್ಚಿದಳು. ಅದರ ಮೇಲೆ ಬಣ್ಣಬಣ್ಣದ ನೂಲಿನ ಧೂಳು ಬಟ್ಟೆಯ ಹಾಗೆ ಕೂತಿತ್ತು. ಹೆಬ್ಬೆರಳಿನಿಂದ ಒರೆಸಿದಳು. ಕೆಳಗೆ ಸಾಸಿವೆಯಷ್ಟು ಸಣ್ಣದಾಗಿ ಅಚ್ಚಾಗಿತ್ತು: +5. ಇಬ್ಬರೂ ನೋಡಿದೆವು.

"ಆಯ್ತಲ್ಲ. ಇದು ಐದರ ಗೂಡಿಗೆ, ಅದು ಹನ್ನೆರಡರದ್ದಕ್ಕೆ."

"ಅಚ್ಚಾಗಿದ್ದೆಲ್ಲ ನಿಜ ಅಂತ ಯಾರು ಹೇಳಿದ್ರು?" ಅಂದೆ. "ಬೇರೆ ಮೆಷಿನ್ನಿನ ಸೆನ್ಸರು ತಂದು ಹಾಕಿರಬೋದು. ಅದು ಸೆನ್ಸರಿನ ನಂಬರೇ ಇರಬೋದು. ಒಂದು ವಾರ ತಡಿ, ಎಲ್ಲಾದ್ರೂ ಇಂಥದೇ ಮೆಷಿನ್ ಹುಡುಕಿ ನೋಡ್ಕೊಂಡು ಬರ್ತೀನಿ."

ಅವಳು ನನ್ನ ಮುಖ ನೋಡಿದಳು. "ತೀರ್ಪುಗಾರರು ಇದ್ದಿದ್ರೆ ಅಂಕ ಕಳೀತಿದ್ರು. ಇದು ವಾದ ಅಲ್ಲ, ಹಠ."

"ಹಂಗಾದ್ರೆ ಇದೊಂದಕ್ಕೆ ಪಕ್ಷ ಬದಲಿಸಾಣ. ನಾನು ಪರ. ಐದು ಅಂತ ಬರೆದೈತಿ, ಪ್ಲಗ್ ಹಾಕಬೇಕು. ಮುಗೀತು ನನ್ನ ಮಾತು. ಈಗ ನೀನು ಹೇಳು, ಯಾಕೆ ಹಾಕಬಾರದು."

ನಕ್ಕಳು. ಎದ್ದು ನಿಂತು, ಕಾಲೇಜಿನಲ್ಲಿ ಮಾಡುತ್ತಿದ್ದ ಹಾಗೆ ಸೆರಗು ಸರಿಮಾಡಿಕೊಂಡು, "ಮಾನ್ಯ ತೀರ್ಪುಗಾರರೇ," ಎಂದಳು.

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು. ಎಷ್ಟೋ ವೇದಿಕೆಗಳಲ್ಲಿ ಅವಳನ್ನು ನೋಡಿದ್ದೇನೆ. ಮಾತು ಮರೆತವಳ ಮುಖ ಅದಾಗಿರಲಿಲ್ಲ. ಹೇಳುವುದು ಬಹಳ ಇದ್ದು, ಒಂದನ್ನು ಹೇಳಿದರೂ ಉಳಿದದ್ದೆಲ್ಲ ಹೊರಗೆ ಬಂದುಬಿಡುತ್ತದೆ ಎಂದು ತಡೆದುಕೊಂಡವಳ ಮುಖ. ಇದನ್ನೂ ನಾನು ಸಾಬೀತು ಮಾಡಲಾರೆ. ಆದರೆ ಜೀವನದಲ್ಲಿ ಸಾಕ್ಷಿ ಕೇಳದೆ ನಂಬಿದ್ದು ಇದೊಂದನ್ನೇ.

"ವಿರೋಧ ಪಕ್ಷ ಸುಮ್ಮನಾಯ್ತು. ನಿಯಮ ನಿಯಮವೇ," ಎನ್ನುತ್ತ ಕೂತಳು. ಎರಡೂ ಪ್ಲಗ್ಗುಗಳನ್ನು ತಾನೇ ಒತ್ತಿದಳು. ಟಕ್. ಟಕ್. ಅವಕ್ಕೆ ಮಾತ್ರ ಹೆಸರು ಬರೆದು ಅಂಟಿಸಲಿಲ್ಲ.

ಕರೆಂಟು ಕೊಟ್ಟಾಗ ಪರದೆ ಬೆಳಗಿತು. ಚೌಕಟ್ಟಿನಲ್ಲಿ ಮೆಷಿನ್ ಕೆಟ್ಟ ದಿನದ ಹಸಿರು ರವಿಕೆ ತೋಳು ಹಾಗೇ ಇತ್ತು, ಬಳ್ಳಿಯ ಎಲೆ ಅರ್ಧಕ್ಕೆ ನಿಂತಿತ್ತು. ನಿಂತ ಹೊಲಿಗೆಯಿಂದಲೇ ಮುಂದುವರಿಸಲೇ ಎಂದು ಪರದೆ ಕೇಳಿತು. ಅವಳು ಗುಂಡಿ ಒತ್ತಿದಳು. ಸೂಜಿ ಏನೂ ಆಗಿಲ್ಲವೆಂಬಂತೆ ಉಳಿದರ್ಧ ಎಲೆಯನ್ನು ತುಂಬತೊಡಗಿತು. ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲು ಹಿಡಿದು ನಿಂತರು.

"ನಡೀತು," ಅಂದೆ.

"ಸಾಕ್ಷಿ?" ಅಂದಳು.

ಅವಳು ಕೇಳಿದ್ದು ಸರಿಯೇ. ದಾರದ ಸೆನ್ಸರು ಕೆಲಸ ಮಾಡುತ್ತಿದೆ ಎನ್ನಲು ಒಂದೇ ಪರೀಕ್ಷೆ: ದಾರ ಕಡಿದಾಗ ಮೆಷಿನ್ ನಿಲ್ಲಬೇಕು. ಕತ್ತರಿ ಅವಳ ಕೈಯಲ್ಲೇ ಇತ್ತು. ಓಡುತ್ತಿರುವ ದಾರಕ್ಕೆ ಹಿಡಿದಳು, ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದಳು, ಕಡಿದಳು. ಮೆಷಿನ್ ನಿಂತಿತು. ಬೀಪ್ ಎಂದಿತು. ನಾನು ಮೀಟರನ್ನು ಬ್ಯಾಗಿಗೆ ಹಾಕಿಕೊಂಡೆ.

ವಾಪಸು ಬರುವಾಗ, ಶಿರಾಳಕೊಪ್ಪ ದಾಟಿದ ಮೇಲೆ, ಬಸ್ಸು ರಸ್ತೆಯ ಒಂದು ಗುಂಡಿಗೆ ಇಳಿದು ಎದ್ದಾಗ ತೊಡೆಯ ಮೇಲಿದ್ದ ನನ್ನ ಬ್ಯಾಗು ಕೂಗತೊಡಗಿತು. ಮೀಟರ್ ಆರಿಸುವುದನ್ನು ಮರೆತಿದ್ದೆ. ಪಕ್ಕದ ಅಜ್ಜ ಬೆಚ್ಚಿ ನೋಡಿದರು.

"ಏನ್ ತಮ್ಮಾ ಅದು, ಕೂಗಾಕ್ಹತ್ತೈತಿ?"

"ಏನಿಲ್ಲ ಅಜ್ಜಾ. ಎರಡು ತುದಿ ಒಂದಕ್ಕೊಂದು ತಾಗಿದ್ರ ಕೂಗ್ತೈತಿ."

"ಹಂಗಾರ ತಾಗದಂಗ ಇಟ್ಕೋ ಮತ್ತ."

ಬ್ಯಾಗಿನ ಜಿಪ್ಪು ಎಳೆದು, ಒಂದು ಕಡ್ಡಿಯನ್ನು ಈಚೆಯ ಜೇಬಿಗೆ, ಇನ್ನೊಂದನ್ನು ಆಚೆಯ ಜೇಬಿಗೆ ಹಾಕಿದೆ.