ಪ್ರೇಮಾವತಿ ಟೀಚರ ಮುಚ್ಚಳ

ಮಾಣಿ ಜಂಕ್ಷನ್ನಿನಿಂದ ಒಳಗೆ ಒಂದೂವರೆ ಮೈಲು ನಡೆದರೆ ಸಿಗುವ ಅಂಗನವಾಡಿಯಲ್ಲಿ ಪ್ರೇಮಾವತಿ ಟೀಚರು ಹೇಳಿದ್ದೇ ಕೊನೆಯ ಮಾತು. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಬೇರು ಬಿಟ್ಟವಳು. ಆ ಊರಿನ ಮೀಸೆ ಹೊತ್ತ ಗಂಡಸರೂ ಅವಳೆದುರು ಬಂದರೆ ಅರಿವಿಲ್ಲದೆ ಮೂಗು ಒರೆಸಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ಆ ಮೂಗುಗಳನ್ನೆಲ್ಲ ಒರೆಸಿದವಳು ಅವಳೇ ತಾನೆ! "ಮಗುವಿಗೆ ಏನೂ ಇಲ್ಲ, ಸುಮ್ಮನೆ ಹೆದರಬೇಡಿ" ಎಂದು ಟೀಚರು ಹೇಳಿದರೆ ಡಾಕ್ಟರು ಹೇಳಿದ ಹಾಗೆ. ಡಾಕ್ಟರೇ ಹೇಳಿದ್ದಾದರೂ ಟೀಚರಲ್ಲಿ ಒಮ್ಮೆ ಕೇಳಿಕೊಂಡೇ ನಂಬುವ ಜನ ಅದು.

ಮಕ್ಕಳಿಗೆ ಕಿವಿ ಕೇಳುತ್ತದೋ ಇಲ್ಲವೋ ನೋಡಲು ಅವಳು ಸೇರಿದ ಹೊಸತರಲ್ಲಿ ಅಲ್ಲೊಂದು ಪುಟ್ಟ ಗಂಟೆ ಇತ್ತು. ಅದರ ನಾಲಗೆಯನ್ನು ಯಾವುದೋ ಪುಂಡ ಕಿತ್ತು ಬಾವಿಗೆ ಎಸೆದ. ಟೀಚರೇನು ಕಡಿಮೆಯೇ, ಸಾಂಬಾರಿನ ಪಾತ್ರೆಯ ಮುಚ್ಚಳ ಎತ್ತಿಕೊಂಡಳು. ಮಗುವನ್ನು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂರಿಸುವುದು, ಹಿಂದೆ ನಿಂತು ಮುಚ್ಚಳವನ್ನು ಸಿಮೆಂಟಿನ ನೆಲಕ್ಕೆ ಢಣ್ ಎಂದು ಬೀಳಿಸುವುದು. ಮಗು ತಿರುಗಿ ನೋಡಿದರೆ ಅದರ ಆರೋಗ್ಯದ ಕಾರ್ಡಿನಲ್ಲಿ 'ಹೌದು'. ಎಲ್ಲ ಮಕ್ಕಳೂ ತಿರುಗುತ್ತಿದ್ದವು. ಹೋದ ವರ್ಷ ವಿಸ್ಮಿತಾ ಎಂಬ ನಾಲ್ಕು ವರ್ಷದ ಹುಡುಗಿಯ ತಾಯಿ ಅಳುತ್ತಾ ಬಂದಿದ್ದಳು, ಕರೆದರೆ ಮಗು ಓಗೊಡುವುದಿಲ್ಲ ಎಂದು. ಟೀಚರು ಎರಡು ಸಲ ಮುಚ್ಚಳ ಬೀಳಿಸಿದಳು, ಹುಡುಗಿ ಎರಡು ಸಲವೂ ತಿರುಗಿ ಪಕ್ಕನೆ ನಕ್ಕಳು. "ಕೇಳ್ತದೆ ಮಾರಾಯ್ತಿ ಅವಳಿಗೆ. ಜಾಣ ಕಿವುಡು, ಅಷ್ಟೇ!" ಅಳುತ್ತಾ ಬಂದ ತಾಯಿ ನಗುತ್ತಾ ಹೋದಳು.

ಗಂಟೆ ಇಲ್ಲದಿದ್ದರೆ ಹಿಂದಿನಿಂದ ಹೆಸರು ಹಿಡಿದು ಕರೆದರೂ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಅದೊಂದು ಪ್ರೇಮಾವತಿಯಿಂದ ಆಗದು. ಬೆನ್ನು ಹಾಕಿ ನಿಂತ ಮಗುವನ್ನು ಅವಳು ಈವರೆಗೆ ಕರೆದವಳಲ್ಲ. ಬೇಕಾದರೆ ಸುತ್ತು ಹಾಕಿ ಎದುರಿಗೆ ಬಂದು ಮಾತಾಡಿಸುತ್ತಾಳೆ. ಅದಕ್ಕೆ ಕಾರಣ ನಲವತ್ತಾರು ವರ್ಷ ಹಳೆಯದು.

ಸಂಕಪ್ಪ ಅವಳ ತಮ್ಮ. ಆರು ವರ್ಷವಾದರೂ ಒಂದು ಮಾತು ಬಂದಿರಲಿಲ್ಲ. ಮನೆಗೆ ಬಂದವರು "ಇವನಿಗೆ ಕಿವಿ ಇಲ್ಲವೋ ಏನೋ" ಎಂದರೆ ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಕೇಳ್ತದೆ ಅವನಿಗೆ! ನೋಡಿ ಬೇಕಾದರೆ!" ಎಂದು ಉಪ್ಪರಿಗೆಯ ಹಲಗೆಯ ಮೇಲೆ ಹಿಮ್ಮಡಿಯಿಂದ ಧಪ್ ಎಂದು ಬಡಿಯುತ್ತಿದ್ದಳು. ಅಲ್ಲೇ ಆಡುತ್ತಾ ಕೂತ ಸಂಕು ತಟ್ಟನೆ ತಿರುಗುತ್ತಿದ್ದ. ಬಂದವರ ಬಾಯಿ ಬಂದ್. ಒಂದು ಬೇಸಿಗೆಯಲ್ಲಿ ಅಕ್ಕ ತಮ್ಮ ಇಬ್ಬರೂ ಹೆದ್ದಾರಿಯ ಬದಿಯಲ್ಲಿ ಗೇರುಬೀಜ ಹೆಕ್ಕುತ್ತಾ ಬರುತ್ತಿದ್ದರು. ಪಾಲಿನ ವಿಷಯದಲ್ಲಿ ಜಗಳವಾಗಿ ಅವಳು ಅವನ ಕೈಗೆ ಒಂದು ಪೆಟ್ಟು ಕೊಟ್ಟಿದ್ದಳು. ಮುನಿಸಿಕೊಂಡ ಸಂಕು ಬೆನ್ನು ತಿರುಗಿಸಿ ಮುಂದೆ ಮುಂದೆ ಹೋದ, ರಸ್ತೆಗೆ ಉರುಳಿದ ಒಂದು ಬೀಜಕ್ಕೆ ಬಗ್ಗಿದ. ಲಾರಿ ಹಾರ್ನ್ ಹೊಡೆಯಿತು, ಹೊಡೆಯುತ್ತಲೇ ಇತ್ತು. "ಸಂಕೂ!" ಎಂದು ಹತ್ತು ವರ್ಷದ ಪ್ರೇಮಾ ಗಂಟಲು ಹರಿಯುವ ಹಾಗೆ ಕೂಗಿದಳು. ಅವನು ತಿರುಗಲಿಲ್ಲ.

"ಕೇಳಿಯೂ ತಿರುಗಲಿಲ್ಲ ನನ್ನ ಮಗ. ಹಠ, ಹಠವೇ ಅವನನ್ನು ತಿಂದದ್ದು" ಎಂದು ಅವ್ವ ಸಾಯುವ ತನಕ ಹೇಳಿದಳು. ತನ್ನ ಪೆಟ್ಟಿನ ಸಿಟ್ಟಿಗೇ ಅವನು ತಿರುಗಲಿಲ್ಲ ಎಂದು ಪ್ರೇಮಾ ನಂಬಿದಳು. ಈಗ ಆ ರಸ್ತೆ ಅಗಲವಾಗಿ, ಗೇರುಮರ ಹೋಗಿ, ಜಾಗದ ಗುರುತೇ ಇಲ್ಲ. ಆದರೂ ಬಸ್ಸು ಅಲ್ಲಿಗೆ ಬಂದಾಗ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಅಂಗನವಾಡಿಯ ಮಕ್ಕಳೆಲ್ಲ ಮಲಗಿ ಸದ್ದಡಗಿದಾಗ ಎಲ್ಲಿಂದಲೋ ಧಪ್ ಎಂದು ಒಂದು ಹಿಮ್ಮಡಿಯ ಸದ್ದು ಬರುತ್ತದೆ. ಆ ಕಟ್ಟಡಕ್ಕೆ ಉಪ್ಪರಿಗೆಯೇ ಇಲ್ಲ. ಅವಳು ಎದ್ದು ಮಕ್ಕಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದು ಕೂರುತ್ತಾಳೆ.

ಇಂಥವಳ ಮೊಮ್ಮಗ ಶೋಧನ್. ಮಗಳು ತೃಷಾಳ ಮಗ. ಅಳಿಯ ಕುವೈಟಿನಲ್ಲಿ, ಹಾಗಾಗಿ ತಾಯಿ ಮಗು ಇಬ್ಬರೂ ಅಜ್ಜಿಯ ಜೊತೆಗೇ. ಎರಡು ವರ್ಷ ಎಂಟು ತಿಂಗಳಾದರೂ ಮಗುವಿನ ಬಾಯಿಂದ 'ಅಮ್ಮ' ಎಂದು ಬಂದಿರಲಿಲ್ಲ. ಊರಿಗೆ ಬುದ್ಧಿ ಹೇಳಲು ಕಾಸು ಬೇಕೇ? ಗಂಡು ಮಕ್ಕಳು ನಿಧಾನ ಎಂದರು. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್, ಮಗು ಏನು ಮಾಡಬೇಕು ಎಂದರು. ತೃಷಾ ಒಂದು ವರ್ಷದ ಹಿಂದೆಯೇ ಕೇಳಿದ್ದಳು, "ಅಮ್ಮ, ಇವನನ್ನೊಮ್ಮೆ ಎಲ್ಲಿಗಾದರೂ ತೋರಿಸುವನಾ?"

ಟೀಚರು ಮುಚ್ಚಳ ತಂದಳು. ಮೂರು ಸಲ ಬೀಳಿಸಿದಳು. ಮೂರು ಸಲವೂ ಶೋಧನ್ ತಿರುಗಿದ. "ಕೇಳ್ತದೆ ಅವನಿಗೆ" ಎಂದಳು. ಹೇಳಿದ ಧ್ವನಿ ತನ್ನದಲ್ಲ, ಅವ್ವನದ್ದು ಎಂದು ಅವಳಿಗೆ ಅನಿಸಿತು. ಆದರೂ ಕಾರ್ಡಿನಲ್ಲಿ 'ಹೌದು' ಎಂದೇ ಬರೆದಳು. ಕಂಡವರ ಮಕ್ಕಳ ತೂಕ ಅರ್ಧ ಕಿಲೋ ಇಳಿದರೆ ಮನೆಬಾಗಿಲಿಗೆ ಹೋಗಿ ಜಗಳವಾಡುವ ಟೀಚರು! ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಕೊನೆಗೆ ತೃಷಾ ಅಮ್ಮನನ್ನು ಕೇಳದೆ ಮೂಡುಬಿದಿರೆಯಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆ ಮಾಡುವ ಕಡೆ ದಿನ ಗೊತ್ತುಮಾಡಿಕೊಂಡಳು. ಗೊತ್ತಾದಾಗ ಪ್ರೇಮಾವತಿ ಕೆಂಡವಾದಳು. "ನನ್ನ ಮೇಲೆ ನಂಬಿಕೆ ಇಲ್ಲವಾ ನಿನಗೆ? ಊರಿಗೆಲ್ಲ ಬೇಕಾದ ಟೀಚರು ಮಗಳಿಗೆ ಬೇಡವಾ?" ತೃಷಾ ಮಗುವಿನ ಬಟ್ಟೆ ಮಡಚುತ್ತಿದ್ದಳು. "ಆಯ್ತು, ನಾನೂ ಬರ್ತೇನೆ" ಎಂದ ಪ್ರೇಮಾವತಿ ಹೊರಡುವಾಗ ಮುಚ್ಚಳವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಓದಿ ಬಂದ ಹುಡುಗಿಯರಿಗೆ ಕಣ್ಣಾರೆ ತೋರಿಸಿಬಿಡಬೇಕು ಎಂಬ ಛಲ. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಸಿದ್ದಕಟ್ಟೆಯ ದಾರಿಯಲ್ಲಿ ಹೋಗುವಾಗ ಪ್ರತಿ ತಿರುವಿನಲ್ಲೂ ಚೀಲ ಸರಳಿಗೆ ತಗಲಿ ಸದ್ದು ಮಾಡುತ್ತಿತ್ತು. ತೃಷಾಳ ಮಡಿಲಲ್ಲಿದ್ದ ಶೋಧನ್ ಒಮ್ಮೆಯೂ ಚೀಲದ ಕಡೆ ನೋಡಲಿಲ್ಲ. ಪ್ರೇಮಾವತಿ ಅದನ್ನು ಕಂಡಳು. ಕಂಡು ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

ಪರೀಕ್ಷೆ ಮಾಡುವವಳು ಫರ್ಹಾನ, ಫರಂಗಿಪೇಟೆಯ ಹುಡುಗಿ. ಮೂವತ್ತು ಆಗಿರಲಿಕ್ಕಿಲ್ಲ, ಮೆಲುಮಾತು. ಮಗು ಎಷ್ಟು ತಿಂಗಳಿಗೆ ಕೂತಿತು, ಯಾವಾಗ ನಡೆಯಿತು, ಬೆರಳು ತೋರಿಸಿ ಕೇಳುತ್ತದೋ ಎಂದೆಲ್ಲ ವಿಚಾರಿಸಿದಳು. ತೃಷಾ ಬಾಯಿ ತೆರೆಯುವ ಮೊದಲೇ ಅಜ್ಜಿಯ ಉತ್ತರ ಬಂದಾಗುತ್ತಿತ್ತು. "ಹೆಸರು ಕರೆದರೆ ತಿರುಗ್ತಾನಾ?" ಎಂಬ ಪ್ರಶ್ನೆಗೆ ಮಾತ್ರ ಪ್ರೇಮಾವತಿ ಟವೆಲು ಬಿಚ್ಚಿದಳು.

"ನೋಡಿ ಮೇಡಂ, ನಾನೂ ಇದೇ ಕೆಲಸದವಳು." ಮಗುವನ್ನು ನೆಲದ ಮೇಲೆ ಕೂರಿಸಿ ಮುಚ್ಚಳ ಬೀಳಿಸಿದಳು. ಢಣ್! ಶೋಧನ್ ತಿರುಗಿದ. "ಕಂಡಿತಲ್ಲ?" ಎಂದು ಗೆದ್ದವಳ ಹಾಗೆ ಮಗಳ ಮುಖ ನೋಡಿದಳು.

ಫರ್ಹಾನ ನಗಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. "ಒಳ್ಳೆಯದು ಟೀಚರೇ. ಈಗ ಇನ್ನೊಂದು ರೀತಿಯಲ್ಲಿ ನೋಡುವ" ಎಂದಳು. ಶೋಧನನ್ನು ಮೆತ್ತನೆಯ ಕುರ್ಚಿಯಲ್ಲಿ ತಾಯಿಯ ಮಡಿಲ ಮೇಲೆ ಅಡ್ಡಲಾಗಿ ಕೂರಿಸಿದಳು, ಕಾಲು ನೆಲಕ್ಕೆ ತಾಗದ ಹಾಗೆ. ಕೈಗೆ ಬಣ್ಣದ ಉಂಗುರಗಳನ್ನು ಕೊಟ್ಟಳು. "ಮುಚ್ಚಳವನ್ನು ನೆಲಕ್ಕೆ ಹಾಕಬೇಡಿ. ಕೈಯಲ್ಲಿ ಎತ್ತಿ ಹಿಡಿದು ಈ ಚಮಚದಲ್ಲಿ ಬಡಿಯಿರಿ."

ಪ್ರೇಮಾವತಿ ಬಡಿದಳು. ಹೊರಗೆ ಕೂತವರು ಬಾಗಿಲಿನಿಂದ ಇಣುಕುವಷ್ಟು ಸದ್ದಾಯಿತು. ಶೋಧನ್ ಕೆಂಪು ಉಂಗುರವನ್ನು ಹಳದಿಯ ಮೇಲೆ ಇಟ್ಟ. ಅವಳು ಇನ್ನೂ ಹತ್ತಿರ ಹೋಗಿ ಬಡಿದಳು. ಅವನು ನೀಲಿಯನ್ನು ಎತ್ತಿಕೊಂಡ.

"ಇನ್ನು ಹೆಸರು ಹಿಡಿದು ಕರೆಯಿರಿ. ನಿಮ್ಮ ಧ್ವನಿ ಅವನಿಗೆ ಅಭ್ಯಾಸ ಅಲ್ವಾ."

ಮಗುವಿನ ಬೆನ್ನು ಅವಳ ಕಡೆಗಿತ್ತು. ಸಣ್ಣ ಕುತ್ತಿಗೆ, ಅದರ ಮೇಲೆ ಬೆವರಿಗೆ ಅಂಟಿದ ಕೂದಲು. ಇಂಥದ್ದೇ ಕುತ್ತಿಗೆಯನ್ನು ಅವಳು ಕೊನೆಯ ಸಲ ಹೆದ್ದಾರಿಯಲ್ಲಿ ನೋಡಿದ್ದು. ಬಾಯಿ ತೆರೆದಳು, ಧ್ವನಿ ಹೊರಡಲಿಲ್ಲ. ಮತ್ತೆ ತೆರೆದಳು. ಕೂಗು ಬಂತು. ಬಂದದ್ದು "ಸಂಕೂ!" ಎಂದು.

ತೃಷಾ ಬೆಚ್ಚಿ ತಿರುಗಿದಳು. ಫರ್ಹಾನ ತಿರುಗಿದಳು. ಮಗು ತಿರುಗಲಿಲ್ಲ.

ಆಮೇಲೆ ಮಗುವನ್ನು ಮಲಗಿಸಿ, ತಲೆಗೆ ವಯರು ಅಂಟಿಸಿ, ಕಿವಿಗೆ ಸದ್ದು ಬಿಟ್ಟು ಕಂಪ್ಯೂಟರಿನಲ್ಲಿ ನೋಡುವ ಪರೀಕ್ಷೆಯೂ ಆಯಿತು. ಎರಡೂ ಕಿವಿಗೆ ಕೇಳುವುದು ಇಲ್ಲವೆನ್ನುವಷ್ಟು ಕಡಿಮೆ ಎಂದು ಫರ್ಹಾನ ಹೇಳಿದಳು. ಬುದ್ಧಿ ಚುರುಕಾಗಿಯೇ ಉಂಟು, ಮೊದಲು ಕಿವಿಗೆ ಮಿಷನ್ ಹಾಕಿ ನೋಡುವ, ಬೇಕಾದರೆ ಆಪರೇಷನ್, ಮಾತಿನ ತರಬೇತಿ ಇವತ್ತಿನಿಂದಲೇ ಶುರು ಮಾಡುವ ಎಂದಳು. "ಇನ್ನೂ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು. ಈಗಲೂ ಕಾಲ ಮಿಂಚಿಲ್ಲ. ಇನ್ನು ಮಾತ್ರ ದಿನ ಕಳೆಯಬಾರದು."

"ನೆಲಕ್ಕೆ ಹಾಕಿದಾಗ ತಿರುಗಿದನಲ್ಲ?" ಪ್ರೇಮಾವತಿಯ ಧ್ವನಿ ಸಣ್ಣ ಮಗುವಿನದ್ದಾಗಿತ್ತು.

"ನೆಲ ಅದುರುತ್ತದೆ ಟೀಚರೇ. ಕೂತವನ ಮೈಗೆ ಗೊತ್ತಾಗ್ತದೆ. ಕಿವಿ ಇಲ್ಲದವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತಾಗ್ತದೆ. ಹಲಗೆಯ ನೆಲ ಆದರಂತೂ ಕೇಳುವುದೇ ಬೇಡ."

ಹಲಗೆಯ ನೆಲ. ಅವ್ವನ ಹಿಮ್ಮಡಿ. ಸಂಕುವಿಗೆ ಲಾರಿಯ ಹಾರ್ನ್ ಕೇಳಿರಲಿಲ್ಲ. ಅಕ್ಕನ ಕೂಗೂ ಕೇಳಿರಲಿಲ್ಲ. ಪಾಪದ ಹುಡುಗ ಸಿಟ್ಟಿಗೆ ನಿಂತದ್ದಲ್ಲ, ಬೀಜ ಹೆಕ್ಕುತ್ತಿದ್ದ, ಅಷ್ಟೇ. ನಲವತ್ತಾರು ವರ್ಷ ಸತ್ತವನ ಮೇಲೆ ಹಠಮಾರಿ ಎಂಬ ಹೆಸರು ಹೊರಿಸಿದ್ದರು, ತಾಯಿ ಮಗಳು ಸೇರಿ. ಅಷ್ಟು ಸಾಲದೆಂಬಂತೆ ಅವ್ವನ ಆ ಹಿಮ್ಮಡಿಯನ್ನೇ ಅವಳು ಮುಚ್ಚಳ ಮಾಡಿಕೊಂಡು ಊರ ಮಕ್ಕಳ ಬೆನ್ನ ಹಿಂದೆ ಬಡಿಯುತ್ತಾ ಬಂದಿದ್ದಳು.

ವಾಪಸು ಬರುವಾಗ ತೃಷಾ ಬೇರೆ ಸೀಟಿನಲ್ಲಿ ಕೂತಳು. ಬಿ.ಸಿ. ರೋಡಿನಲ್ಲಿ ಇಳಿದಾಗ ಒಂದೇ ಮಾತು ಹೇಳಿದಳು. "ಒಂದು ವರ್ಷ ಅಮ್ಮ. ನಾನು ಒಂದು ವರ್ಷದ ಹಿಂದೆ ಕೇಳಿದ್ದೆ." ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಮಗು ತೋಳಿನಲ್ಲಿತ್ತು. ಪ್ರೇಮಾವತಿ ಒರೆಸಲು ಕೈ ಚಾಚಿದಳು. ತೃಷಾ ಮುಖ ಸರಿಸಿಕೊಂಡಳು.

ಮಾಣಿಯಲ್ಲಿ ಇಳಿದ ಪ್ರೇಮಾವತಿ ಮನೆಗೆ ಹೋಗಲಿಲ್ಲ. ಚೀಲ ಹಿಡಿದುಕೊಂಡು ನೇರ ವಿಸ್ಮಿತಾಳ ಮನೆಯ ಕಡೆ ನಡೆದಳು. ಹುಡುಗಿ ಈ ಜೂನಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿದ್ದಾಳೆ. ಮಾತು ಕೇಳುವುದಿಲ್ಲ ಎಂದು ಅಲ್ಲಿ ದಿನಾ ಬೈಗುಳವಂತೆ, ಊರಲ್ಲಿ ಎಲ್ಲರಿಗೂ ಗೊತ್ತು. ದಾರಿಯುದ್ದಕ್ಕೂ ಇಪ್ಪತ್ತೊಂಬತ್ತು ವರ್ಷದ ಮಕ್ಕಳು ಒಬ್ಬೊಬ್ಬರಾಗಿ ಗೋಡೆಗೆ ಮುಖ ಮಾಡಿ ಅವಳ ಕಣ್ಣ ಮುಂದೆ ಕೂತರು. ಅದರಲ್ಲಿ ಯಾರಿಗೆ ಕೇಳಿತ್ತು, ಯಾರಿಗೆ ಇಲ್ಲ, ಇನ್ನು ಹೇಳುವವರು ಯಾರು?

ಸಿಮೆಂಟು ಹಾಕಿದ ಅಂಗಳದಲ್ಲಿ ವಿಸ್ಮಿತಾ ಮನೆಯ ಬಾಗಿಲಿಗೆ ಮುಖ ಮಾಡಿ ಕೂತು ಹೂವಿನ ಎಸಳು ಬಿಡಿಸುತ್ತಿದ್ದಳು. ಪ್ರೇಮಾವತಿ ಗೇಟಿನ ಹತ್ತಿರ ಅವಳ ಬೆನ್ನ ಹಿಂದೆಯೇ ನಿಂತು ಕರೆದಳು. ಈ ಸಲ ಹೆಸರು ತಪ್ಪಲಿಲ್ಲ. "ವಿಸ್ಮಿತಾ!" ಹುಡುಗಿಯ ಕೈ ಎಸಳು ಬಿಡಿಸುತ್ತಲೇ ಇತ್ತು. "ವಿಸ್ಮಿತಾ!"

ಕೂಗಿಗೆ ತಾಯಿ ಹೊರಗೆ ಬಂದಳು. "ಓ, ಟೀಚರಾ! ಬನ್ನಿ. ಅವಳು ಹಾಗೆಲ್ಲ ಕರೆದರೆ ತಿರುಗುವವಳಲ್ಲ, ಹಠ."

"ಹಠ ಅಲ್ಲ" ಎಂದಳು ಪ್ರೇಮಾವತಿ. "ಅವಳಿಗೆ ಕೇಳುವುದಿಲ್ಲ. ನನ್ನ ಪರೀಕ್ಷೆಯೇ ತಪ್ಪು. ನಾಳೆ ಮೂಡುಬಿದಿರೆಗೆ ಹೋಗುವ, ನಾನೇ ಬರ್ತೇನೆ."

ತಾಯಿಯ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ಏನು ಹೇಳ್ತೀರಿ ಟೀಚರೇ? ನೀವೇ ಹೇಳಿದ್ದಲ್ವಾ? ಕೇಳ್ತದೆ ಅವಳಿಗೆ! ನೋಡಿ ಬೇಕಾದರೆ!" ಹಿಮ್ಮಡಿ ಎತ್ತಿ ಅಂಗಳಕ್ಕೆ ಧಪ್ ಎಂದು ಬಡಿದಳು. ವಿಸ್ಮಿತಾ ತಲೆ ಎತ್ತಿ ತಾಯಿಯನ್ನು ನೋಡಿ ಪಕ್ಕನೆ ನಕ್ಕಳು. "ನೋಡಿದಿರಾ? ನೋಡಿದಿರಾ?" ಎನ್ನುತ್ತಾ ತಾಯಿ ಮತ್ತೆ ಬಡಿದಳು, ಮತ್ತೂ ಬಡಿದಳು.

ಪ್ರೇಮಾವತಿ ಅಂಗಳದಲ್ಲಿ ಕುಕ್ಕರಿಸಿ ಆ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಕು ಮಗಾ" ಎಂದಳು. "ಬಡಿಯಬೇಡ."