ಅಕ್ಕ ಕುಡಿಯದ ನೀರು

ನಾಲತವಾಡದ ನಮ್ಮ ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ಬಾಲ್ಯದಲ್ಲೇ ಪೋಲಿಯೊ ಆದ ಅಕ್ಕ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಜಂಪರು ಹೊಲಿದು ನನ್ನನ್ನು ಶಿಕ್ಷಕಿಯಾಗುವವರೆಗೆ ಓದಿಸಿದಳು. ಐವತ್ತು ದಾಟಿದ ಮೇಲೆ ಅವಳಿಗೆ ಊರುಗೋಲು ಹಿಡಿದು ನಿಲ್ಲುವುದೂ ಆಗದಾಯಿತು. ಮುಂಜಾನೆ ಅವಳನ್ನು ಎತ್ತಿ ಬಚ್ಚಲಿಗೆ ಒಯ್ದು, ಸ್ನಾನ ಮಾಡಿಸಿ, ಕಿಟಕಿಗೆ ತಾಗಿದ ಅವಳ ಮಂಚದ ಪಕ್ಕ ಬುತ್ತಿ, ತಂಬಿಗೆ ತುಂಬ ನೀರು ಇಟ್ಟು ಶಾಲೆಗೆ ಓಡುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು; ಸಂಜೆ ತಂಬಿಗೆ ಖಾಲಿ ಇರುತ್ತಿತ್ತು.

ಹೋದ ವರ್ಷ, ಮನೆಗೇ ಬಂದು ಆರೈಕೆ ಮಾಡುವ ಸಹಾಯಕಿಗಾಗಿ ಮುದ್ದೇಬಿಹಾಳದ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ಅಂಗವಿಕಲತೆಯ ಪ್ರಮಾಣಪತ್ರವೊಂದೇ ಸಾಲದೆಂದು, ಅಕ್ಕನ ಸ್ಥಿತಿ ನೋಡಲು ಒಬ್ಬ ಮೇಡಮ್ಮು ಮನೆಗೆ ಬಂದರು.

“ಕುರ್ಚಿ ಮ್ಯಾಲೆ ನೀವ ಕುಂದರ್ತೀರೇನ್ರಿ?”

“ಹೂಂನ್ರಿ. ಎಲ್ಲಾ ನಾನ ಮಾಡ್ಕೋತೇನಿ,” ಎಂದಳು ಅಕ್ಕ.

ಒಂದೂ ಖರೆಯಲ್ಲ. ಪರರ ಮುಂದೆ ಆಗುವುದಿಲ್ಲ ಎನ್ನಲು ಅವಳಿಗೆ ನಾಚಿಕೆ. ಮೇಡಮ್ಮು ಬರೆದುಕೊಳ್ಳುತ್ತಲೇ ಹೋದರು. ಇನ್ನು ಸಹಾಯಕಿ ಸಿಗುವುದಿಲ್ಲ ಎಂದುಕೊಂಡೆ.

“ತಂಗಿ ಸಾಲಿಗೆ ಹೋದ ಮ್ಯಾಲೆ ನೀರ ಎಷ್ಟ ಕುಡೀತೀರಿ?”

ಅಕ್ಕ ತಂಬಿಗೆಯ ಕಡೆ ನೋಡಿದಳು. “ಕುಡಿಯಂಗಿಲ್ರಿ. ಕುಡದ್ರ ಬಚ್ಚಲಕ್ಕ ಹೋಗಬೇಕಾಗತೈತಿ. ಯಾರ ಎತ್ತಾವ್ರು?”

“ಮತ್ತ ತಂಬಗ್ಯಾಗಿನ ನೀರು?” ನಾನು ಕೇಳಿದೆ.

“ಕಿಡಕ್ಯಾಗಿಂದ ಚೆಲ್ತೇನಿ. ನೀರ ಹಂಗ ಇದ್ದದ್ದ ನೋಡಿದ್ರ ನೀ ನೌಕರಿ ಬಿಡ್ತಿದ್ದಿ.”

ಅವಳಿಗೆ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಾಗ, “ನೀರು ಕುಡಿಯುತ್ತಾರಾ?” ಎಂದು ಡಾಕ್ಟರು ಕೇಳಿದ್ದರು. “ದಿನಾ ತಂಬಗಿ ತುಂಬ ಕುಡೀತಾಳ್ರಿ,” ಎಂದು ಹೇಳಿದವಳು ನಾನೇ! ಈ ಬಿಸಿಲೂರಿನಲ್ಲಿ, ಏಪ್ರಿಲ್‌ನಲ್ಲಿ ಕೂಡ, ಮುಂಜಾನೆಯಿಂದ ಸಂಜೆಯವರೆಗೆ ಅವಳು ಬಾಯಾರಿ ಮಲಗಿದ್ದಳು.

ಮೇಡಮ್ಮು ಬರೆದದ್ದನ್ನೆಲ್ಲ ಹೊಡೆದುಹಾಕಿದರು. “ಈಗ ಮೊದಲಿಂದ ಖರೆ ಹೇಳ್ರಿ, ಅಕ್ಕಾರ.”

ಅಕ್ಕ ಗೋಡೆಯ ಕಡೆ ಮುಖ ಮಾಡಿ ಹೇಳಿದಳು. ಎರಡು ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ಸಿಟ್ಟು ಅವಳ ಮೇಲೋ, ಆರು ವರ್ಷ ಏನೂ ಕಾಣದ ನನ್ನ ಮೇಲೋ, ತಿಳಿಯಲಿಲ್ಲ.

ತಿಂಗಳ ನಂತರ ಅರ್ಜಿ ಮಂಜೂರಾಯಿತು. ಸಹಾಯಕಿ ಬಂದ ಮೊದಲ ದಿನ ಅರ್ಧ ರಜೆ ಹಾಕಿ ಮನೆಗೆ ಬಂದೆ. ಹೊರಗೆ ಚಪ್ಪಲಿ ಬಿಡುವಾಗಲೇ ಅಕ್ಕನ ದನಿ ಕೇಳಿಸಿತು:

“ಸಾವಕಾಶ ಎತ್ತವಾ! ನಾ ಏನ ಜ್ವಾಳದ ಚೀಲಲ್ಲ.”