ಅಮ್ಮಾಜಮ್ಮ ಪಾಸಾದ ಪರೀಕ್ಷೆ

ಬಂಗಾರಪೇಟೆಯ ಅಂಚಿನಲ್ಲಿ ಎರಡು ಹಸು ಕಟ್ಟಿಕೊಂಡಿದ್ದ ಕೋದಂಡಪ್ಪ ಊರಿಗಾಂ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ರಿಟೈರಾದವನು. ಡಾಕ್ಟರೆಂದರೆ ಅವನ ಲೆಕ್ಕದಲ್ಲಿ, ಮೈಯಲ್ಲಿರುವ ಕಾಯಿಲೆಯನ್ನು ಯಾರಿಂದ ಮುಚ್ಚಿಡಬೇಕೋ ಅವರು. ಎದೆ ಪರೀಕ್ಷೆಗೆ ಕರೆ ಬಂತೆಂದರೆ ಗಣಿಕೆಲಸಗಾರರ ಲೈನುಮನೆಗಳ ಗಂಡಸರೆಲ್ಲ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು, ಕೆಮ್ಮು ಒತ್ತಿಹಿಡಿದು, ಎದೆ ಸೆಟೆಸಿ ನಿಲ್ಲುತ್ತಿದ್ದರು. ಅನ್‌ಫಿಟ್ ಅಂದುಬಿಟ್ಟರೆ ಕೆಲಸ ಹೋದಂತೆಯೇ! ಕೋದಂಡಪ್ಪ ಒಂದು ಸಲವೂ ಸಿಕ್ಕಿಬಿದ್ದವನಲ್ಲ, ಮಹಾ ಪಾಕಡಾ ಮನುಷ್ಯ.

ತೊಂಬತ್ತಾರನೇ ಇಸವಿಯ ಹೊತ್ತಿಗೆ ಅವನ ಹೆಂಡತಿ ಅಮ್ಮಾಜಮ್ಮನಿಗೆ ಮರೆವು ಹತ್ತಿತು. ಹಾಲು ಕರೆದಿಟ್ಟು ಮತ್ತೆ ಚೆಂಬು ಹಿಡಿದು ಕೊಟ್ಟಿಗೆಗೆ ಹೋಗುವಳು. ಮದುವೆಯಾದಾಗಿನಿಂದ ಓಡಾಡಿದ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲೇ ದಿಕ್ಕು ತೋಚದೆ ನಿಂತುಬಿಡುವಳು. ಬೆಂಗಳೂರಿನ ಡಾಕ್ಟರಮ್ಮ ನೋಡಿ, ಆಲ್ಝೈಮರ್ ಇರಬಹುದು, ವಾಸಿ ಮಾಡುವ ಮದ್ದಿಲ್ಲ ಎಂದರು. ಆದರೆ ಹೊಸ ಮಾತ್ರೆಯೊಂದನ್ನು ಪ್ರಯೋಗಿಸಿ ನೋಡುತ್ತಿದ್ದೇವೆ, ಅದಕ್ಕೆ ಸೇರಬಹುದೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆಯಿದೆ, ಬನ್ನಿ ಎಂದರು. ಪರೀಕ್ಷೆ ಎಂದಮೇಲೆ ಪಾಸಾಗಬೇಕಲ್ಲ! ಹೇಗಾದರೂ ಸರಿ, ಆ ಮಾತ್ರೆ ತನ್ನವಳಿಗೆ ಸಿಗಲೇಬೇಕೆಂದು ಕೋದಂಡಪ್ಪ ಹಟ ಹಿಡಿದ.

ಸರಿ, ಮನೆಯಲ್ಲಿ ಪಾಠ ಶುರುವಾಯಿತು. ಹಸುವಿನ ಮೈ ತೊಳೆಯುತ್ತಲೇ ಕೇಳುವನು: “ಅಮ್ಮಾಜಿ, ಇವತ್ತು ಯಾವ ವಾರ?”

“ಸೋಮವಾರ.”

“ಬುಧವಾರ ಕಣೇ! ಏಳು ಇನ್ನೊಂದ್ಸಲ.”

“ಅಯ್ಯೋ ಶಿವನೇ, ಈ ವಯಸ್ನಾಗೆ ನನ್ನ ಇಸ್ಕೂಲಿಗೆ ಆಕ್ಬಿಟ್ರಲ್ಲ!” ಎಂದು ನಗುತ್ತಾ ಅವಳು ಬಾಯಿಪಾಠ ಮಾಡುವಳು.

ಪರೀಕ್ಷೆಯ ದಿನ ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಪಾಠ. ಆಸ್ಪತ್ರೆಯಲ್ಲಿ ಅವಳು ಎಲ್ಲಿ ತಡವರಿಸಿದರೂ, ಹಿಂದೆ ಕೂತ ಈ ಮಹಾಶಯ ಪಿಸುಗುಟ್ಟಿ ಹೇಳಿಕೊಟ್ಟ. ಬರೆದುಕೊಳ್ಳುತ್ತಿದ್ದ ಡಾಕ್ಟರಮ್ಮನಿಗೆ ಅದು ಕೇಳಿಸಲೇ ಇಲ್ಲ. ಕೊನೆಗೆ ಅವರು ತಲೆಯೆತ್ತಿ, “ಅಮ್ಮನಿಗೆ ಇಷ್ಟೊಂದು ನೆನಪಿದ್ದರೆ ಸೇರಿಸಿಕೊಳ್ಳೋಕಾಗಲ್ಲ. ಕಾಯಿಲೆ ಇರಬೇಕು, ಅದೂ ಇನ್ನೂ ಶುರುವಿನಲ್ಲಿರಬೇಕು. ಜೊತೆಗಿರೋರು ಮನೆಯಲ್ಲಿ ನಡೆಯೋದನ್ನ ಇದ್ದ ಹಾಗೇ ಹೇಳಬೇಕು. ಹೇಳಿ, ಮನೆಯಲ್ಲಿ ಹೇಗಿರ್ತಾರೆ?” ಎಂದರು.

ಕೋದಂಡಪ್ಪ ಹೆಂಡತಿಯ ಕಡೆ ನೋಡಿದ. ನಿಜವನ್ನು ಅವಳೆದುರಿಗೇ ಹೇಳಬೇಕು! ಪಾಠದ ನೆಪದಲ್ಲಿ ವಾರ, ತಿಂಗಳು ತಿದ್ದಿದ್ದು ಬಿಟ್ಟರೆ, ಅವಳ ಮನಸ್ಸು ನೋಯಬಾರದೆಂದು ಒಂದು ತಪ್ಪನ್ನೂ ಅವನು ಎತ್ತಿ ಆಡಿದವನಲ್ಲ. ಸುಮ್ಮನಿದ್ದರೆ ಮಾತ್ರೆ ಕೈತಪ್ಪುತ್ತದೆ. ಅವನಿಗೆ ಅಳುವೇ ಬಂತು.

“ನಾನೇ ಏಳ್ಕೊಟ್ಟೆ ಡಾಕ್ಟ್ರಮ್ಮ, ತಪ್ಪಾಯ್ತು,” ಎಂದ. “ಮನೆ ದಾರಿ ಮರೀತಾಳೆ. ಒಂದೊಂದಿನ ನನ್ನೇ ಅವರಪ್ಪ ಅನ್ಕೊಂಡು ಕರೀತಾಳೆ. ನಾನೂ ಊ ಅಂತೀನಿ.”

ಅಮ್ಮಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. “ಸಾರಿಗೆ ಎರಡು ಸಲ ಉಪ್ಪು ಬಿದ್ರೂ ಚೆನ್ನಾಗೈತೆ ಅಂತ ಉಣ್ತಾರೆ. ಆಮೇಲೆ ನಾನೂ ಅದನ್ನೇ ಉಣ್ತೀನಲ್ಲ, ಗೊತ್ತಾಗಲ್ವಾ? ಇವ್ರು ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಒಬ್ಳೇ ಎದರ್ಕೊಂಡು ಕುಂತಿದ್ದೆ.”

ಡಾಕ್ಟರಮ್ಮ ಕೋದಂಡಪ್ಪನನ್ನು ಹೊರಗೆ ಕೂರಿಸಿ ಬೇರೆ ಪ್ರಶ್ನೆಗಳನ್ನು ಕೇಳಿದರು. ಅಮ್ಮಾಜಮ್ಮ ಕೆಲವಕ್ಕೆ ಸರಿಯಾಗಿ ಹೇಳಿದಳು, ಹಲವಕ್ಕೆ ತಪ್ಪಿದಳು. ಪ್ರಯೋಗಕ್ಕೆ ಬೇಕಾದಷ್ಟೇ ತಪ್ಪು! ಆಮೇಲೆ ಗಂಡನನ್ನೂ ಒಳಗೆ ಕರೆದು ಬಿಡಿಸಿ ಹೇಳಿದರು: ಕೆಲವರಿಗೆ ಮದ್ದಿನ ಮಾತ್ರೆ, ಕೆಲವರಿಗೆ ಬರೀ ಸಪ್ಪೆ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಗುಣ ಕಾಣದೆಯೂ ಇರಬಹುದು, ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು. “ನಿಮಗೆ ಒಪ್ಪಿಗೆನಾ ಅಮ್ಮ?” ಎಂದು ಅವಳನ್ನೇ ಕೇಳಿದರು.

“ಇವ್ರು ನಿಜ ಏಳೋದಾದ್ರೆ ಒಪ್ಪಿಗೆ,” ಎಂದಳು ಅಮ್ಮಾಜಮ್ಮ.

ಸಂಜೆ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ಬಡಿಸಿ ಅವಳು ಎದುರಿಗೇ ನಿಂತಳು. ಮೊದಲ ತುತ್ತು ನುಂಗಿದ ಕೋದಂಡಪ್ಪ ರೂಢಿಯಂತೆ “ಚೆನ್ನಾ...” ಎಂದವನು ತಡೆದ. ಅವಳ ಮುಖ ನೋಡಿದ.

“ಉಪ್ಪು ಜಾಸ್ತಿ ಆಗೈತೆ ಕಣೇ.”

“ಅಂಗೇಳಿ ಮತ್ತೆ,” ಎಂದ ಅಮ್ಮಾಜಮ್ಮ ಸಾರಿಗೆ ಬಿಸಿನೀರು ಬೆರೆಸಿ, ತನ್ನ ತಟ್ಟೆಯನ್ನೂ ತಂದು ಅವನ ಪಕ್ಕದಲ್ಲೇ ಊಟಕ್ಕೆ ಕೂತಳು.